ಎಫ್1 ಒತ್ತಿ ಎಂದ ಪರದೆ, ಒತ್ತಿದರೂ ಕೇಳದ ಕೀಬೋರ್ಡ್

ಕೋಣೆಗೆ ಬಣ್ಣ ಬಳಿಯಬೇಕಾಗಿದ್ದರಿಂದ ಕಂಪ್ಯೂಟರಿನ ವೈರುಗಳನ್ನೆಲ್ಲ ಕಳಚಿ ಮೂರು ದಿನ ಪಕ್ಕಕ್ಕೆ ಇಟ್ಟಿದ್ದೆ. ನಾಲ್ಕನೆಯ ದಿನ ಸಂಜೆ ಮತ್ತೆ ಜೋಡಿಸಿ ಗುಂಡಿ ಒತ್ತಿದೆ. ಫ್ಯಾನ್ ತಿರುಗಿತು, ಒಂದು ಬೀಪ್ ಕೇಳಿಸಿತು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಮೂಡಿದವು. ಮದರ್‌ಬೋರ್ಡ್ ತನ್ನ ಸೆಟ್ಟಿಂಗ್‌ಗಳನ್ನು ನೆನಪಿಡುವ ಸಿಮಾಸ್ ಎಂಬ ಜಾಗದ ಚೆಕ್‌ಸಮ್ ತಾಳೆಯಾಗುತ್ತಿಲ್ಲ, ಮೂಲ ಸೆಟ್ಟಿಂಗ್‌ಗಳನ್ನು ತುಂಬಲಾಗಿದೆ, ಮುಂದುವರಿಯಲು ಎಫ್1 ಒತ್ತಿ ಎಂಬುದು ಆ ಸಾಲುಗಳ ತಾತ್ಪರ್ಯ. ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ, ಒತ್ತಿಹಿಡಿದೆ, ಎಂಟರ್ ಒತ್ತಿದೆ, ಡಿಲೀಟ್ ಒತ್ತಿದೆ. ಪರದೆ ಅಲುಗಾಡಲಿಲ್ಲ.

ಇದು 2011ರಲ್ಲಿ ನಾನೇ ಬಿಡಿಭಾಗಗಳನ್ನು ಕೂಡಿಸಿ ಕಟ್ಟಿದ ಯಂತ್ರ. ನಡುವೆ ಕ್ಯಾಬಿನೆಟ್ ಬದಲಾಯಿತು, ಹಳೆಯ ಹಾರ್ಡ್ ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ ಬಂತು, ವಿಂಡೋಸ್ 10 ಬಂತು. ಮದರ್‌ಬೋರ್ಡ್ ಮಾತ್ರ ಅದೇ. ಅದರೊಳಗೆ ನಾನು ಎರಡು ವರ್ಷದಿಂದ ಬೆರಳಚ್ಚು ಮಾಡುತ್ತಿದ್ದ ಮನೆಯ ಹಳೆಯ ಪತ್ರಗಳ ಸಂಗ್ರಹವಿತ್ತು. ಬ್ಯಾಕಪ್ ಇದ್ದದ್ದು ಹಿಂದಿನ ತಿಂಗಳದ್ದು. ಹಾಗಾಗಿ ಈ ಕೆಲಸದಲ್ಲಿ ಮೊದಲಿಗೇ ಒಂದು ಕಟ್ಟುಪಾಡು ಹಾಕಿಕೊಂಡೆ: ಡಿಸ್ಕಿನ ಮೇಲೆ ಏನನ್ನೂ ಬರೆಯುವಂತಹ ಯಾವ ದುರಸ್ತಿಗೂ ಕೈ ಹಾಕಬಾರದು.

ಕೀಬೋರ್ಡ್ ವೈರ್‌ಲೆಸ್, ಉಗುರಿನಷ್ಟು ದೊಡ್ಡ ಯುಎಸ್‌ಬಿ ಡಾಂಗಲ್‌ನೊಂದಿಗೆ ಬಂದದ್ದು, 2.4 ಗಿಗಾಹರ್ಟ್ಸ್‌ನಲ್ಲಿ ಮಾತಾಡುವಂಥದ್ದು. ಮೌಸ್ ಮಾತ್ರ ವೈರಿನದು.

ಮೊದಲ ಸಂಜೆ

ಎಲ್ಲರೂ ಮೊದಲು ನೋಡುವುದು ಸೆಲ್‌ಗಳನ್ನೇ. ನಾನೂ ಹಾಗೆಯೇ ಮಾಡಿದೆ. ಮಲ್ಟಿಮೀಟರ್ ಹಿಡಿದರೆ ಒಂದು 1.38 ವೋಲ್ಟ್, ಇನ್ನೊಂದು 1.36. ಹೊಸ ಆಲ್ಕಲೈನ್ ಸೆಲ್ 1.5ಕ್ಕಿಂತ ತುಸು ಮೇಲೆ ತೋರಿಸುತ್ತದೆ. ಇವು ಅರ್ಧ ಸವೆದಿದ್ದರೂ ಕೆಲಸಕ್ಕೆ ಸಾಕು. ಆದರೂ ಹೊಸದು ಹಾಕಿದೆ. ಫಲವಿಲ್ಲ.

ಮುಂದಿನದು ನನ್ನ ಮಟ್ಟಿಗೆ ಇಡೀ ಸಂಜೆಯ ಅತ್ಯಂತ ಉಪಯುಕ್ತ ಪರೀಕ್ಷೆ. ಡಾಂಗಲ್ ಕಿತ್ತು ಲ್ಯಾಪ್‌ಟಾಪ್‌ಗೆ ಚುಚ್ಚಿದೆ. ಮರುಕ್ಷಣವೇ ಅಕ್ಷರಗಳು ಬಂದವು. ಇಂತಹ ಕೀಬೋರ್ಡ್‌ಗಳಲ್ಲಿ ಜೋಡಣೆಯ ಗುರುತು ಡಾಂಗಲ್ ಮತ್ತು ಕೀಬೋರ್ಡ್‌ಗಳ ಒಳಗೇ ಉಳಿಯುತ್ತದೆ, ಕಂಪ್ಯೂಟರಿನಲ್ಲಿ ಅಲ್ಲ. ಆದ್ದರಿಂದ ಯಾವ ಯಂತ್ರಕ್ಕೆ ಚುಚ್ಚಿದರೂ ಅವು ಒಂದನ್ನೊಂದು ಗುರುತಿಸುತ್ತವೆ. ಬ್ಲೂಟೂತ್ ಕೀಬೋರ್ಡ್ ಆಗಿದ್ದರೆ ಹೀಗೆ ನಡೆಯುತ್ತಿರಲಿಲ್ಲ. ಅಲ್ಲಿ ಜೋಡಣೆಯ ಗುಟ್ಟು ಆಪರೇಟಿಂಗ್ ಸಿಸ್ಟಮ್ ಬಳಿ ಇರುತ್ತದೆ. ಒಂದೇ ಪರೀಕ್ಷೆಯಿಂದ ಸೆಲ್, ಕೀಲಿಗಳು, ರೇಡಿಯೊ, ಡಾಂಗಲ್ ನಾಲ್ಕೂ ನಿರ್ದೋಷಿ ಎಂದಾಯಿತು. ಉಳಿದದ್ದು ಡೆಸ್ಕ್‌ಟಾಪ್.

ಹಿಂಬದಿಯಲ್ಲಿ ಎರಡು ನೀಲಿ ಪೋರ್ಟ್‌ಗಳು, ನಾಲ್ಕು ಕಪ್ಪು ಪೋರ್ಟ್‌ಗಳು. ಕಪ್ಪು ಪೋರ್ಟ್‌ಗಳಲ್ಲಿ ಮೌಸ್, ಪ್ರಿಂಟರ್, ಸ್ಕ್ಯಾನರ್, ಕ್ಯಾಮೆರಾ ಚುಚ್ಚಿಕೊಂಡಿದ್ದವು. ಡಾಂಗಲ್ ಇದ್ದದ್ದು ಒಂದು ನೀಲಿಯಲ್ಲಿ. ಅದನ್ನು ಪಕ್ಕದ ನೀಲಿಗೆ ಹಾಕಿದೆ, ಕ್ಯಾಬಿನೆಟ್ಟಿನ ಮುಂಭಾಗದ ಎರಡು ಪೋರ್ಟ್‌ಗಳಿಗೂ ಹಾಕಿದೆ, ಪ್ರತಿ ಸಲ ಯಂತ್ರವನ್ನು ಆರಿಸಿ ಹೊತ್ತಿಸಿದೆ. ನಾಲ್ಕರಲ್ಲೂ ಅದೇ ಮೌನ. ನಾಲ್ಕು ಪೋರ್ಟ್ ನೋಡಿದ ಮೇಲೆ ದೋಷ ಪೋರ್ಟ್‌ನದಲ್ಲ ಎಂದು ತೀರ್ಮಾನಿಸಿ ಕಾಗದದ ಮೇಲೆ ಬರೆದು ಅಡಿಗೆರೆ ಎಳೆದೆ. ಆ ತೀರ್ಮಾನ ತಪ್ಪಾಗಿತ್ತು. ಯಾಕೆಂಬುದು ಮುಂದೆ ಬರುತ್ತದೆ.

ಪವರ್ ವೈರ್ ಕಿತ್ತು, ಆನ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿದು, ಒಳಗೆ ಉಳಿದ ವಿದ್ಯುತ್ತನ್ನು ಬಸಿದೂ ನೋಡಿದೆ. ಡೆಸ್ಕ್‌ಟಾಪ್ ಆರಿದ್ದರೂ ವೈರ್ ಚುಚ್ಚಿರುವ ತನಕ ಪವರ್ ಸಪ್ಲೈ 5 ವೋಲ್ಟ್ ಕಾವಲು ವಿದ್ಯುತ್ ಕೊಡುತ್ತಲೇ ಇರುತ್ತದೆ. ಕೆಲವೊಮ್ಮೆ ಯುಎಸ್‌ಬಿ ಸಾಧನಗಳು ಅದರಿಂದಾಗಿಯೇ ಗೊಂದಲದ ಸ್ಥಿತಿಯಲ್ಲಿ ಸಿಲುಕಿಕೊಂಡಿರುತ್ತವೆ. ಇಲ್ಲಿ ಅದೂ ಅಲ್ಲ.

ಮೌಸಿನ ಹೊಟ್ಟೆಯ ಕೆಂಪು ದೀಪ ಉರಿಯುತ್ತಿತ್ತು. ಅದನ್ನು ನೋಡಿ ಯುಎಸ್‌ಬಿ ಜೀವಂತವಾಗಿದೆ ಎಂದು ನಂಬಿದ್ದೂ ಅರ್ಧ ಸರಿ ಮಾತ್ರ. ದೀಪ ಉರಿಯಲು 5 ವೋಲ್ಟ್ ಸಿಕ್ಕರೆ ಸಾಕು. ಎರಡು ದತ್ತಾಂಶ ತಂತಿಗಳ ಆಚೆ ಬದಿಯಲ್ಲಿ ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೆಯೇ ಎಂಬುದನ್ನು ದೀಪ ಹೇಳುವುದಿಲ್ಲ. ವೈರಿನ ಕೀಬೋರ್ಡ್ ಆದರೆ ನಮ್ ಲಾಕ್ ದೀಪ ನೋಡಬಹುದು. ಆ ದೀಪವನ್ನು ಹೊತ್ತಿಸುವುದು ಕಂಪ್ಯೂಟರ್, ಕೀಬೋರ್ಡ್ ಅಲ್ಲ. ನನ್ನ ವೈರ್‌ಲೆಸ್ ಕೀಬೋರ್ಡ್‌ಗೆ ಸೆಲ್ ಉಳಿಸುವುದಕ್ಕಾಗಿ ಅಂತಹ ದೀಪವನ್ನೇ ಇಟ್ಟಿಲ್ಲ.

ರಾತ್ರಿ ತಂಗಿಗೆ ಫೋನಿನಲ್ಲಿ ಹೇಳಿದೆ. "ಫಾರ್ಮ್ಯಾಟ್ ಮಾಡಿಬಿಡಬಾರದೇ ಅಣ್ಣಾ?" ಎಂದಳು. ಫಾರ್ಮ್ಯಾಟ್ ಮಾಡುವುದಕ್ಕೂ ಕೀಬೋರ್ಡ್ ಬೇಕು ಎಂದೆ. ಸ್ವಲ್ಪ ಯೋಚಿಸಿ ಅವಳೇ ಕೇಳಿದಳು: "ನಿನ್ನ ಹಳೆಯ ದಪ್ಪ ಕೀಬೋರ್ಡ್ ಇತ್ತಲ್ಲ, ಗುಂಡಗಿನ ಪಿನ್ನಿನದು, ಅದು ಎಲ್ಲಿದೆ?"

ನೇರಳೆ ಪೋರ್ಟ್

ಅದು ಅಟ್ಟದ ಮೇಲಿತ್ತು. ಆರು ಪಿನ್ನುಗಳ ಗುಂಡಗಿನ ಪಿಎಸ್/2 ಪ್ಲಗ್. ಐಬಿಎಂ 1987ರಲ್ಲಿ ತನ್ನ ಪಿಎಸ್/2 ಕಂಪ್ಯೂಟರುಗಳೊಂದಿಗೆ ತಂದ ಜೋಡಣೆ. ಹೆಸರು ಬಂದದ್ದೂ ಅಲ್ಲಿಂದಲೇ. ನನ್ನ ಬೋರ್ಡಿನ ಹಿಂಬದಿಯಲ್ಲಿ ಅದಕ್ಕೆ ನೇರಳೆ ಬಣ್ಣದ ಪೋರ್ಟ್ ಇದೆ. ಹಸಿರು ಬಣ್ಣದ್ದಾದರೆ ಮೌಸಿಗೆ.

ಯುಎಸ್‌ಬಿಯಂತೆ ಇದನ್ನು ಯಂತ್ರ ನಡೆಯುತ್ತಿರುವಾಗ ಚುಚ್ಚುವಂತಿಲ್ಲ. ಆ ಬಗೆಯ ಬಳಕೆಗಾಗಿ ಈ ಜೋಡಣೆಯನ್ನು ರೂಪಿಸಿಲ್ಲ. ಚುಚ್ಚಿದರೆ ಗುರುತಿಸದೆ ಹೋಗಬಹುದು, ಬೋರ್ಡಿಗೆ ಪೆಟ್ಟೂ ಬೀಳಬಹುದು. ಪೂರ್ತಿ ಆರಿಸಿ, ಪಿನ್ನುಗಳ ನಡುವಿನ ಪ್ಲಾಸ್ಟಿಕ್ ನಾಲಿಗೆ ಸರಿಯಾದ ದಿಕ್ಕಿಗಿದೆಯೇ ಎಂದು ನೋಡಿ, ನಿಧಾನವಾಗಿ ಒತ್ತಿ ಕೂರಿಸಿದೆ. ಗುಂಡಿ ಒತ್ತಿದ ಕೂಡಲೇ ಕೀಬೋರ್ಡಿನ ಮೂರೂ ದೀಪಗಳು ಮಿಂಚಿ, ನಮ್ ಲಾಕ್ ಒಂದು ಉಳಿಯಿತು. ಎಫ್1 ಒತ್ತಿದೆ. ಪರದೆ ಮುಂದಕ್ಕೆ ಸರಿಯಿತು. ಹಳೆಯ ವಸ್ತುವನ್ನು ಎಸೆಯದೆ ಉಳಿಸಿಕೊಂಡದ್ದಕ್ಕೆ ಅಷ್ಟು ಸಂತೋಷ ನನಗೆ ಬಹಳ ದಿನಗಳಿಂದ ಆಗಿರಲಿಲ್ಲ.

ಸಂತೋಷ ಅರ್ಧ ನಿಮಿಷದ್ದು. ವಿಂಡೋಸ್ ಗುರುತು ಬಂತು, ಚುಕ್ಕಿಗಳು ಸುತ್ತಿದವು, ನೀಲಿ ಪರದೆ ಬಿತ್ತು. ಬೂಟ್ ಸಾಧನ ಕೈಗೆಟುಕುತ್ತಿಲ್ಲ ಎಂಬ ದೂರು. ತಾನಾಗಿ ಮತ್ತೆ ಆರಂಭವಾಯಿತು, ಮತ್ತೆ ಅದೇ. ಮೂರನೆಯ ಸಲಕ್ಕೆ ದುರಸ್ತಿಯ ಪರದೆ ಬಂದು, ಈ ಪಿಸಿಯನ್ನು ರೀಸೆಟ್ ಮಾಡಲೇ ಎಂಬ ಆಯ್ಕೆಯನ್ನೂ ಮುಂದಿಟ್ಟಿತು.

ಇಲ್ಲಿ ಕೈ ತಡೆದದ್ದೇ ಈ ಇಡೀ ಕೆಲಸದಲ್ಲಿ ನಾನು ಮಾಡಿದ ಸರಿಯಾದ ಕೆಲಸ ಎಂದು ಈಗಲೂ ಅನ್ನಿಸುತ್ತದೆ. ಎಸ್‌ಎಸ್‌ಡಿ ಸತ್ತಿರಲಿಲ್ಲ, ಸತ್ತಿದ್ದರೆ ವಿಂಡೋಸ್ ಗುರುತೇ ಬರುತ್ತಿರಲಿಲ್ಲ. ಹಿಂದಿನ ಸಂಜೆಯ ಸಾಲನ್ನು ಮತ್ತೆ ನೆನೆದೆ: ಮೂಲ ಸೆಟ್ಟಿಂಗ್‌ಗಳನ್ನು ತುಂಬಲಾಗಿದೆ. ನನ್ನ ಬೋರ್ಡಿನಲ್ಲಿ ಮೂಲ ಸೆಟ್ಟಿಂಗ್ ಎಂದರೆ ಸಾಟಾ ವೈರಿನಿಂದ ಸೇರಿದ ಡಿಸ್ಕುಗಳನ್ನು ಐಡಿಇ ಎಂಬ ಹಳೆಯ ರೀತಿಯಲ್ಲಿ ತೋರಿಸುವುದು. ನಾನು ವಿಂಡೋಸ್ ಹಾಕಿದ್ದು ಎಎಚ್‌ಸಿಐ ಎಂಬ ಹೊಸ ರೀತಿಯಲ್ಲಿ. ವಿಂಡೋಸ್ ತಾನು ಬಳಸದ ಡಿಸ್ಕ್ ನಿಯಂತ್ರಕದ ಡ್ರೈವರನ್ನು ಆರಂಭದ ಪಟ್ಟಿಯಿಂದ ಕೈಬಿಟ್ಟಿರುತ್ತದೆ. ಬೋರ್ಡಿನಲ್ಲೇ ಇದ್ದು ಯಂತ್ರವನ್ನು ಮೊದಲು ಎಬ್ಬಿಸುವ ಕಾರ್ಯಕ್ರಮವಾದ ಬಯೋಸ್ ವಿಂಡೋಸನ್ನು ಲೋಡ್ ಮಾಡುವ ತನಕ ಎಲ್ಲ ಸರಿ. ಅಲ್ಲಿಂದ ಮುಂದೆ ವಿಂಡೋಸ್ ತನ್ನ ಡ್ರೈವರಿನಿಂದ ಡಿಸ್ಕನ್ನು ಹುಡುಕುತ್ತದೆ, ಡಿಸ್ಕ್ ಕಾಣುವುದಿಲ್ಲ, ನೀಲಿ ಪರದೆ ಬೀಳುತ್ತದೆ. ರೀಸೆಟ್ ಒತ್ತಿದ್ದರೆ ಒಂದು ಸೆಟ್ಟಿಂಗ್‌ನ ತಪ್ಪಿಗೆ ಇಡೀ ವ್ಯವಸ್ಥೆಯನ್ನು ಕೆಡವಿದಂತಾಗುತ್ತಿತ್ತು.

ಯಂತ್ರ ಆರಿಸಿ, ಹೊತ್ತಿಸಿ, ಡಿಲೀಟ್ ಒತ್ತುತ್ತಾ ಬಯೋಸಿಗೆ ಹೋದೆ. ದಿನಾಂಕ 2011ರ ಜನವರಿಗೆ ಹೋಗಿತ್ತು, ಸರಿಪಡಿಸಿದೆ. ಅದನ್ನು ಹಾಗೇ ಬಿಟ್ಟಿದ್ದರೆ ಬ್ರೌಸರ್ ಪ್ರತಿ ತಾಣದ ಪ್ರಮಾಣಪತ್ರವನ್ನೂ ನಿರಾಕರಿಸುತ್ತಿತ್ತು. ಸಾಟಾ ರೀತಿಯನ್ನು ಎಎಚ್‌ಸಿಐಗೆ ತಂದೆ. ಎಫ್10 ಒತ್ತಿ ಉಳಿಸಿದೆ. ವಿಂಡೋಸ್ ನೇರವಾಗಿ ಲಾಗಿನ್ ಪರದೆಗೆ ಬಂದು ನಿಂತಿತು. ಪತ್ರಗಳ ಕಡತ ತೆರೆದು ಕೊನೆಯ ಪುಟ ನೋಡಿ, ಮೊದಲು ಅದನ್ನು ಪೆನ್ ಡ್ರೈವಿಗೆ ನಕಲು ಮಾಡಿಕೊಂಡೆ.

ಆಗ ನಡೆದದ್ದು ನನ್ನ ಲೆಕ್ಕಾಚಾರವನ್ನೆಲ್ಲ ತಲೆಕೆಳಗು ಮಾಡಿತು. ಕಡತಕ್ಕೆ ಹೆಸರು ಕೊಡುವಾಗ ಅಭ್ಯಾಸಬಲದಿಂದ ಕೈ ವೈರ್‌ಲೆಸ್ ಕೀಬೋರ್ಡಿನ ಮೇಲೆ ಹೋಗಿತ್ತು. ಅಕ್ಷರಗಳು ಬಂದವು. ಡಾಂಗಲ್ ಇನ್ನೂ ಅದೇ ನೀಲಿ ಪೋರ್ಟಿನಲ್ಲೇ ಇತ್ತು.

ಕೇಳುವವರು ಯಾರು

ಕೀಬೋರ್ಡ್ ಕೆಟ್ಟಿದೆ ಎಂದು ನಾವು ಹೇಳುವ ಮಾತು ಅಪೂರ್ಣ. ಯಂತ್ರ ಹೊತ್ತಿಕೊಂಡಾಗಿನಿಂದ ಕೀಲಿಗಳನ್ನು ಕೇಳಿಸಿಕೊಳ್ಳುವ ಕಾರ್ಯಕ್ರಮ ಒಂದೇ ಅಲ್ಲ. ಮೊದಲು ಬಯೋಸ್ ಕೇಳುತ್ತದೆ, ಆಮೇಲೆ ವಿಂಡೋಸ್. ಇಬ್ಬರ ಕಿವಿಯೂ ಒಂದೇ ಅಲ್ಲ. ಯಾವ ಹಂತದಲ್ಲಿ ಕೇಳಿಸುತ್ತಿಲ್ಲ ಎಂದು ವಿಚಾರಿಸದೆ ನಾನು ಇಡೀ ಸಂಜೆ ಕೀಬೋರ್ಡನ್ನೇ ತಪಾಸಣೆ ಮಾಡುತ್ತಿದ್ದೆ.

ಬಯೋಸಿನೊಳಗೆ ಯುಎಸ್‌ಬಿ ಕೀಬೋರ್ಡಿಗಾಗಿ ಇರುವುದು ಒಂದು ಪುಟ್ಟ ಕಾರ್ಯಕ್ರಮ. ಅದಕ್ಕಾಗಿಯೇ ಯುಎಸ್‌ಬಿ ನಿಯಮಗಳಲ್ಲಿ ಬೂಟ್ ಪ್ರೋಟೊಕಾಲ್ ಎಂಬ ಸರಳ ಭಾಷೆ ಇದೆ: ಪ್ರತಿ ವರದಿಯೂ ಎಂಟು ಬೈಟ್, ಮೊದಲನೆಯದರಲ್ಲಿ ಶಿಫ್ಟ್, ಕಂಟ್ರೋಲ್ ಮುಂತಾದವು, ಎರಡನೆಯದು ಖಾಲಿ, ಉಳಿದ ಆರರಲ್ಲಿ ಒಟ್ಟಿಗೆ ಒತ್ತಿದ ಆರು ಕೀಲಿಗಳ ಸಂಖ್ಯೆ. ಡಾಂಗಲ್ ಈ ಭಾಷೆ ಆಡುತ್ತದೆ. ಬಯೋಸಿನ ಕಣ್ಣಿಗೆ ಅದು ವೈರಿನ ಕೀಬೋರ್ಡಿನಂತೆಯೇ ಕಾಣುತ್ತದೆ. ಬಯೋಸಿನಲ್ಲಿ ಲೆಗಸಿ ಯುಎಸ್‌ಬಿ ಎಂಬ ಆಯ್ಕೆ ಆರಿದ್ದರೆ ಮಾತ್ರ ತೊಂದರೆ. ಹೋಗಿ ನೋಡಿದೆ, ಅದು ಚಾಲೂ ಇತ್ತು.

ಉತ್ತರವಿದ್ದದ್ದು ಪೋರ್ಟಿನ ಬಣ್ಣದಲ್ಲಿ. ನೀಲಿ ಎಂದರೆ ವೇಗದ ಯುಎಸ್‌ಬಿ 3.0. ಯುಎಸ್‌ಬಿ 3.0 ನಿಯಮಗಳು ಹೊರಬಂದದ್ದು 2008ರಲ್ಲಿ. ಇಂಟೆಲ್ ಅದನ್ನು ತನ್ನ ಚಿಪ್‌ಸೆಟ್ಟಿನೊಳಗೇ, ಎಂದರೆ ಬೋರ್ಡಿನ ಮುಖ್ಯ ಚಿಪ್ಪಿನೊಳಗೇ, ಸೇರಿಸಿದ್ದು 2012ರಲ್ಲಿ. ನಡುವಿನ ವರ್ಷಗಳ ಬೋರ್ಡುಗಳಲ್ಲಿ ನೀಲಿ ಪೋರ್ಟ್‌ಗಳಿಗೆಂದು ಬೇರೊಂದು ಪುಟ್ಟ ಚಿಪ್ಪನ್ನು ಬೆಸುಗೆ ಹಾಕಿರುತ್ತಿದ್ದರು. ನನ್ನದು ಅಂಥದ್ದೇ. ಕಪ್ಪು ಪೋರ್ಟ್‌ಗಳು ಚಿಪ್‌ಸೆಟ್ಟಿಗೆ ಸೇರಿದವು, ಬಯೋಸಿಗೆ ಅವು ಪರಿಚಿತ. ನೀಲಿ ಪೋರ್ಟ್‌ಗಳ ಆ ಹೊರಗಿನ ಚಿಪ್ಪನ್ನು ಮಾತಾಡಿಸುವ ಕಾರ್ಯಕ್ರಮ ನನ್ನ ಬಯೋಸಿನಲ್ಲಿ ಇಲ್ಲ. ವಿಂಡೋಸ್ ತನ್ನ ಡ್ರೈವರ್ ಹಾಕಿಕೊಂಡ ಮೇಲಷ್ಟೇ ಆ ಎರಡು ಪೋರ್ಟ್‌ಗಳಿಗೆ ಕಿವಿ ಬರುತ್ತದೆ.

ಬಣ್ಣದ ಕೆಲಸಕ್ಕೆ ಮುಂಚೆ ಡಾಂಗಲ್ ಕಪ್ಪು ಪೋರ್ಟಿನಲ್ಲಿತ್ತು. ಮರಳಿ ಜೋಡಿಸುವಾಗ ಆ ಜಾಗದಲ್ಲಿ ಕ್ಯಾಮೆರಾ ಕೂತಿತು, ಡಾಂಗಲ್ ನೀಲಿಗೆ ಹೋಯಿತು. ಅದೇ ಹೊತ್ತಿಗೆ ಬೋರ್ಡಿನ ಬ್ಯಾಟರಿಯೂ ಕೈಕೊಟ್ಟಿತ್ತು. ಬ್ಯಾಟರಿ ಬಹಳ ದಿನಗಳಿಂದ ಸೋತಿದ್ದಿರಬೇಕು, ಆದರೆ ಗೋಡೆಯ ವಿದ್ಯುತ್ತು ಇರುವ ತನಕ ಆ 5 ವೋಲ್ಟ್ ಕಾವಲು ವಿದ್ಯುತ್ತೇ ಸೆಟ್ಟಿಂಗ್‌ಗಳನ್ನು ಕಾಪಾಡುತ್ತಿತ್ತು. ಮೂರು ದಿನ ವೈರ್ ಕಿತ್ತಿಟ್ಟಾಗ ಮರೆವು ಬಂತು. ಒಂದೊಂದಾಗಿ ಬಂದಿದ್ದರೆ ಎರಡೂ ಸಣ್ಣ ತೊಂದರೆಗಳೇ. ಬ್ಯಾಟರಿ ಮಾತ್ರ ಸತ್ತಿದ್ದರೆ ಎಫ್1 ಒತ್ತಿ ಮುಂದೆ ಹೋಗುತ್ತಿದ್ದೆ. ಡಾಂಗಲ್ ಮಾತ್ರ ಜಾಗ ಬದಲಿಸಿದ್ದರೆ ನನ್ನ ಗಮನಕ್ಕೇ ಬರುತ್ತಿರಲಿಲ್ಲ.

ಮತ್ತೆ ಮುಂಭಾಗದ ಎರಡು ಪೋರ್ಟ್? ಪಕ್ಕದ ಹಲಗೆ ತೆಗೆದು ನೋಡಿದಾಗ ಅವುಗಳ ವೈರ್ ಬೋರ್ಡಿನಿಂದ ಕಳಚಿಕೊಂಡು ನೇತಾಡುತ್ತಿತ್ತು. ಎರಡು ಪೋರ್ಟ್ ಬಯೋಸಿಗೆ ಕಾಣದವು, ಎರಡು ವೈರೇ ಇಲ್ಲದವು. ನಾಲ್ಕು ಪರೀಕ್ಷೆ ಮಾಡಿದೆ ಎಂದುಕೊಂಡಿದ್ದೆ. ಒಂದು ಪರೀಕ್ಷೆಯೂ ಆಗಿರಲಿಲ್ಲ.

ದುರಸ್ತಿ

ಬ್ಯಾಟರಿ ಬದಲಿಸುವ ಮುನ್ನ ಬಯೋಸಿನ ಪ್ರತಿಯೊಂದು ಪುಟವನ್ನೂ ಮೊಬೈಲಿನಲ್ಲಿ ಫೋಟೊ ತೆಗೆದೆ. ವೈರ್ ಕಿತ್ತು, ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಇಳಿಸಿ, ಸಿಆರ್2032 ಬಟನ್ ಸೆಲ್ಲನ್ನು ಅದರ ಪಕ್ಕದ ಪುಟ್ಟ ಕೊಂಡಿ ಒತ್ತಿ ಎಬ್ಬಿಸಿದೆ. ಇರಬೇಕಾದದ್ದು 3 ವೋಲ್ಟ್. ಮೀಟರ್ ತೋರಿಸಿದ್ದು 2.1. ಹೊಸದನ್ನು ಅಂಚಿನಲ್ಲಿ ಹಿಡಿದು, ಕೂಡಿಸುವ ಚಿಹ್ನೆ ಇರುವ ಬದಿ ಮೇಲಾಗಿ ಕೂರಿಸಿದೆ.

ಮುಂಭಾಗದ ವೈರ್ ಜೋಡಿಸುವುದು ಸುಲಭ, ಆದರೆ ಇಲ್ಲಿ ಒಂದು ಅಪಾಯವಿದೆ. ಹಳೆಯ ಬೋರ್ಡುಗಳಲ್ಲಿ ಯುಎಸ್‌ಬಿಗೆ ಇರುವಂತಹದೇ ಒಂಬತ್ತು ಪಿನ್ನುಗಳ ಮತ್ತೊಂದು ಸಾಲು ಫೈರ್‌ವೈರ್ ಎಂಬ ಹಳೆಯ ಜೋಡಣೆಗೂ ಇರುತ್ತದೆ. ಯುಎಸ್‌ಬಿ ವೈರ್ ಅದರೊಳಗೂ ಸಲೀಸಾಗಿ ಕೂರುತ್ತದೆ. ಫೈರ್‌ವೈರ್ ಪಿನ್ನಿನಲ್ಲಿ 12 ವೋಲ್ಟ್ ಬರುವುದರಿಂದ ಆಮೇಲೆ ಚುಚ್ಚಿದ ಪೆನ್ ಡ್ರೈವ್ ಸುಟ್ಟುಹೋಗುತ್ತದೆ. ಆದ್ದರಿಂದ ಟಾರ್ಚ್ ಹಿಡಿದು ಬೋರ್ಡಿನ ಮೇಲಿನ ಅಚ್ಚಕ್ಷರಗಳನ್ನು ಎರಡು ಬಾರಿ ಓದಿ, ಪಿನ್ನಿಲ್ಲದ ಮೂಲೆಗೆ ವೈರಿನ ಮುಚ್ಚಿದ ತೂತನ್ನು ಹೊಂದಿಸಿ ಒತ್ತಿದೆ.

ಕ್ಯಾಮೆರಾವನ್ನು ನೀಲಿಗೆ ಕಳಿಸಿ ಡಾಂಗಲ್ಲನ್ನು ಕಪ್ಪು ಪೋರ್ಟಿಗೆ ತಂದೆ. ಪಿಎಸ್/2 ಕೀಬೋರ್ಡ್ ಕಳಚಿ, ಯಂತ್ರ ಹೊತ್ತಿಸಿ, ವೈರ್‌ಲೆಸ್ ಕೀಬೋರ್ಡಿನಲ್ಲಿ ಡಿಲೀಟ್ ಒತ್ತಿದೆ. ಬಯೋಸ್ ತೆರೆಯಿತು. ಫೋಟೊಗಳನ್ನು ನೋಡುತ್ತಾ ಎಎಚ್‌ಸಿಐ, ಬೂಟ್ ಕ್ರಮ, ದಿನಾಂಕಗಳನ್ನು ಮತ್ತೆ ಹೊಂದಿಸಿದೆ. ಕೀಬೋರ್ಡ್ ಇಲ್ಲದಿದ್ದರೂ ನಿಲ್ಲದೆ ಮುಂದುವರಿಯುವಂತೆ ಮಾಡುವ ಆಯ್ಕೆಯೂ ಅಲ್ಲಿತ್ತು. ಅದನ್ನು ಮುಟ್ಟಲಿಲ್ಲ. ಬ್ಯಾಟರಿ ಸತ್ತಿದೆ ಎಂದು ನನಗೆ ತಿಳಿಸಿದ್ದೇ ಹಾಗೆ ನಿಂತ ಪರದೆ. ಅದರ ಬಾಯಿ ಮುಚ್ಚಿಸಲು ಮನಸ್ಸಾಗಲಿಲ್ಲ.

ಹೊಸ ಯಂತ್ರ ಇರುವವರಿಗೆ ಬೇರೆ ದಾರಿ. ಅಲ್ಲಿ ನೀಲಿ ಪೋರ್ಟ್‌ಗಳೂ ಚಿಪ್‌ಸೆಟ್ಟಿನವೇ ಆಗಿರುವುದರಿಂದ ಬಣ್ಣದ ತೊಡಕು ಸಾಮಾನ್ಯವಾಗಿ ಇಲ್ಲ. ಆದರೆ ಫಾಸ್ಟ್ ಬೂಟ್ ಚಾಲೂ ಇದ್ದರೆ ಸಮಯ ಉಳಿಸಲು ಯುಎಸ್‌ಬಿ ತಯಾರಿಯನ್ನೇ ಬಿಟ್ಟು ಹೋಗುವ ಬೋರ್ಡುಗಳಿವೆ. ಡಿಲೀಟ್ ಎಷ್ಟು ಒತ್ತಿದರೂ ಬಯೋಸ್ ತೆರೆಯುವುದಿಲ್ಲ. ವಿಂಡೋಸ್ ಬರುತ್ತಿದ್ದರೆ ಮೌಸಿನಿಂದಲೇ ಸೆಟ್ಟಿಂಗ್ಸ್‌ನ ರಿಕವರಿ ಪುಟಕ್ಕೆ ಹೋಗಿ ಅಡ್ವಾನ್ಸ್ಡ್ ಸ್ಟಾರ್ಟಪ್ ಮೂಲಕ ಯುಇಎಫ್‌ಐ ಪುಟಕ್ಕೆ, ಎಂದರೆ ಹೊಸ ಯಂತ್ರಗಳ ಬಯೋಸಿಗೆ, ನುಗ್ಗಬಹುದು. ಲಾಗಿನ್ ಪರದೆಯಲ್ಲಿ ಸಿಕ್ಕಿಬಿದ್ದರೆ ಬಲಗಡೆ ಕೆಳಮೂಲೆಯ ಆಕ್ಸೆಸಿಬಿಲಿಟಿ ಚಿಹ್ನೆಯಲ್ಲಿ ಪರದೆಯ ಮೇಲಿನ ಕೀಬೋರ್ಡ್ ಇದೆ, ಮೌಸಿನಿಂದ ಪಾಸ್‌ವರ್ಡ್ ಒತ್ತಬಹುದು. ಬಲಗಡೆಯ ಶಿಫ್ಟನ್ನು ಎಂಟು ಸೆಕೆಂಡು ಅದುಮಿದರೆ ಫಿಲ್ಟರ್ ಕೀಸ್ ಚಾಲೂ ಆಗಿ, ಚುರುಕಾಗಿ ಒತ್ತಿದ ಕೀಲಿಗಳೆಲ್ಲ ವ್ಯರ್ಥವಾಗುತ್ತವೆ. ಕೀಬೋರ್ಡ್ ಸತ್ತಿದೆ ಎಂದು ಭ್ರಮಿಸಲು ಅದೂ ಒಂದು ಕಾರಣ. ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸ್ ಬೀಗ ಹಾಕಿದ್ದರೆ ಬೋರ್ಡಿನ ಸೆಟ್ಟಿಂಗ್ ಅಳಿದ ಮೇಲೆ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ಕಾಗದದ ಮೇಲೆ ಬೇರೆ ಕಡೆ ಇರಲಿ.

2025ರ ಅಕ್ಟೋಬರ್ 14ರಂದು ಬಂದ ವಿಂಡೋಸ್ 11 ಅಪ್‌ಡೇಟಿನ ನಂತರ ರಿಕವರಿ ಪರದೆಯಲ್ಲಿ ಯುಎಸ್‌ಬಿ ಕೀಬೋರ್ಡ್, ಮೌಸ್ ಎರಡೂ ಕೆಲಸ ಮಾಡದಂತಾಗಿತ್ತು. ವಿಂಡೋಸಿನೊಳಗೆ ಅವು ಸರಿಯಾಗಿಯೇ ಇದ್ದವು. 20ರಂದು ತಿದ್ದುಪಡಿ ಬಂತು. ಆ ಆರು ದಿನಗಳಲ್ಲಿ ಗುಂಡಗಿನ ಪಿನ್ನಿನ ಕೀಬೋರ್ಡ್ ಇದ್ದವರು ದಾಟಿಕೊಂಡರು. ಒಂದು ಹಂತದಲ್ಲಿ ಕಿವಿ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದು ಹಳೆಯ ಬೋರ್ಡಿನ ಕಾಯಿಲೆ ಮಾತ್ರ ಅಲ್ಲ.

ಉಳಿದ ಒಂದು ಕಿರುಕುಳ

ಎಲ್ಲ ಮುಗಿಯಿತೆಂದುಕೊಂಡು ಎಕ್ಸ್‌ಟರ್ನಲ್ ಡಿಸ್ಕನ್ನು ನೀಲಿ ಪೋರ್ಟಿಗೆ ಚುಚ್ಚಿ ಪೂರ್ತಿ ಬ್ಯಾಕಪ್ ಶುರು ಮಾಡಿದೆ. ಕಾಯುತ್ತಾ ಒಂದು ಪತ್ರ ಬೆರಳಚ್ಚು ಮಾಡಲು ಕೂತರೆ ಅಕ್ಷರಗಳು ಜಿಗಿಯತೊಡಗಿದವು. ಒತ್ತಕ್ಷರಗಳು ಮಾಯವಾಗುತ್ತಿದ್ದವು, ಒಂದು ಕೀಲಿ ಐದಾರು ಸಲ ಮೂಡುತ್ತಿತ್ತು. ನಕಲು ನಿಲ್ಲಿಸಿದರೆ ಸರಿ, ಆರಂಭಿಸಿದರೆ ಮತ್ತೆ ತೊಂದರೆ.

ಇದು ಗೊತ್ತಿರುವ ವಿಷಯ. ಯುಎಸ್‌ಬಿ 3.0 ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಹರಿಯುವಾಗ ಅದರ ವೈರ್ ಮತ್ತು ಪೋರ್ಟ್‌ಗಳಿಂದ ಹೊಮ್ಮುವ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೂ ಬೀಳುತ್ತದೆ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. ಬೆರಳಗಲದ ದೂರದಲ್ಲಿ ಅಂತಹ ಗದ್ದಲ ಇದ್ದರೆ, ಲೋಹದ ಡಬ್ಬದ ಹಿಂದೆ ಅಡಗಿ ಕೂತ ಡಾಂಗಲ್‌ಗೆ ಕೀಬೋರ್ಡಿನ ಮೆಲುದನಿ ಹೇಗೆ ತಾನೇ ಕೇಳಿಸೀತು? ಒಂದು ಮೀಟರ್ ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ಹಾಕಿ ಡಾಂಗಲ್ಲನ್ನು ಮೇಜಿನ ಮೇಲೆ, ಮಾನಿಟರಿನ ಬುಡಕ್ಕೆ ತಂದೆ. ಬ್ಯಾಕಪ್ ನಡೆಯುತ್ತಿರುವಾಗಲೇ ಎರಡು ಪುಟ ಒತ್ತಿ ನೋಡಿದೆ. ಒಂದಕ್ಷರವೂ ತಪ್ಪಲಿಲ್ಲ.

ಕೊನೆಯ ಪರೀಕ್ಷೆಗೆ ರಾತ್ರಿ ಪವರ್ ವೈರನ್ನು ಗೋಡೆಯಿಂದ ಕಿತ್ತು ಮಲಗಿದೆ. ಬೆಳಿಗ್ಗೆ ಚುಚ್ಚಿ ಗುಂಡಿ ಒತ್ತಿದಾಗ ಕಪ್ಪು ಪರದೆ ನಿಲ್ಲದೆ ದಾಟಿಹೋಯಿತು. ಮತ್ತೊಮ್ಮೆ ಆರಂಭಿಸಿ ಡಿಲೀಟ್ ಒತ್ತಿದೆ. ಬಯೋಸಿನಲ್ಲಿ ಎಎಚ್‌ಸಿಐ ಹಾಗೆಯೇ ಇತ್ತು, ಗಡಿಯಾರ ಕೈಗಡಿಯಾರದೊಂದಿಗೆ ಹೊಂದಿತ್ತು. ಡಾಂಗಲ್‌ನ ಕಪ್ಪು ಪೋರ್ಟಿನ ಪಕ್ಕ ಬಿಳಿ ಟೇಪ್ ಅಂಟಿಸಿ 'ಕೀಬೋರ್ಡ್ ಇಲ್ಲೇ' ಎಂದು ಬರೆದೆ. ಬಟನ್ ಸೆಲ್ ಹಾಕಿದ ತಾರೀಖನ್ನು ಕ್ಯಾಬಿನೆಟ್ ಹಲಗೆಯ ಒಳಬದಿಯಲ್ಲಿ ಬರೆದಿಟ್ಟೆ. ಗುಂಡಗಿನ ಪಿನ್ನಿನ ಕೀಬೋರ್ಡ್ ಅಟ್ಟಕ್ಕೆ ಹೋಗಲಿಲ್ಲ. ಧೂಳು ಒರೆಸಿ, ವೈರ್ ಸುತ್ತಿ, ಮೇಜಿನ ಹಿಂದಿನ ಮೊಳೆಗೆ ತೂಗುಹಾಕಿದ್ದೇನೆ.